ಉಪ್ಪು, ಕಂಬಳಿ, ಐಸ್ ಕ್ರೀಂ

ಬೆಂಗಳೂರಿನ ಮಕ್ಕಳು ಮಂಜುಗಡ್ಡೆಯನ್ನು ಪ್ರಕೃತಿಯ ಕೈಯಿಂದ ಪಡೆಯುವುದು ವರ್ಷದಲ್ಲಿ ಒಂದೆರಡು ಸಲ ಮಾತ್ರ. ಚೈತ್ರ ವೈಶಾಖಗಳ ಯಾವುದೋ ಒಂದು ಸಂಜೆ ಗುಡುಗಿನೊಡನೆ ಆಲಿಕಲ್ಲು ಬೀಳುತ್ತದೆ. ಮಕ್ಕಳು ತಟ್ಟೆ ಹಿಡಿದು ಅಂಗಳಕ್ಕೆ ಓಡುತ್ತಾರೆ. ಹಿರಿಯರು ಒಳಗೆ ಬನ್ನಿರೆಂದು ಕೂಗುತ್ತಾರೆ. ಅಷ್ಟರಲ್ಲಿ ಅದು ಕರಗಿರುತ್ತದೆ. ನಮ್ಮ ಊರಿನ ಕೆರೆಕಟ್ಟೆಗಳಲ್ಲಿ ನೀರು ತಾನಾಗಿ ಹೆಪ್ಪುಗಟ್ಟಿದ ದಾಖಲೆಯಿಲ್ಲ. ಹವಾಮಾನದ ಲೆಕ್ಕಗಳಲ್ಲಿ ಬೆಂಗಳೂರಿನ ಅತ್ಯಂತ ಶೀತದ ದಿನವೆಂದು ಗುರುತಾಗಿರುವುದು 1884ನೆಯ ಇಸವಿಯ ಜನವರಿಯಲ್ಲಿ. ಅಂದು ಕೂಡ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಇಳಿಯಲಿಲ್ಲ.

ಅದೇ 1884ರಲ್ಲಿಯೇ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಕಂಪನಿಯು ಸ್ಥಾಪಿತವಾಯಿತು. ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಬಿನ್ನಿಮಿಲ್ಲೆಂದು ಹೆಸರಾದ ಆ ಗಿರಣಿಯಿಂದಲೇ ಬಿನ್ನಿಪೇಟೆಗೆ ಆ ಹೆಸರು ಬಂದುದು. ಗಿರಣಿ ಈಗಿಲ್ಲ; ಅದು ಇದ್ದ ನೆಲದಲ್ಲಿ ಬಹುಮಹಡಿಯ ಮನೆಗಳು ಎದ್ದಿವೆ. ಊರಿಗೆ ಹೆಚ್ಚಿನ ಚಳಿ ಬಂದ ವರ್ಷವೂ ಉಣ್ಣೆಯ ಗಿರಣಿ ಬಂದ ವರ್ಷವೂ ಒಂದೇ ಆದುದು ಕೇವಲ ಕಾಕತಾಳೀಯ. ಆದರೂ ಈ ಹೊತ್ತಿನ ನಮ್ಮ ಮಾತಿಗೆ ಚಳಿಯೂ ಬೇಕು, ಉಣ್ಣೆಯೂ ಬೇಕು. ಶ್ರೋತೃಗಳು ಸ್ವಲ್ಪ ತಾಳ್ಮೆ ವಹಿಸಬೇಕು.

ನಮ್ಮ ಅಕ್ಕನವರ ಮನೆ ಇರುವುದು ಬಿನ್ನಿಪೇಟೆಯಲ್ಲಿ. ಬೇಸಗೆಯ ರಜೆಯಲ್ಲಿ ಒಂದು ದಿನ ಅಲ್ಲಿಗೆ ಹೋಗಿದ್ದಾಗ ಅಕ್ಕನ ಮಗಳ ವಿಜ್ಞಾನದ ಉತ್ತರಪತ್ರಿಕೆಯನ್ನು ನೋಡಿದೆವು. 'ಲೇಟೆಂಟ್ ಹೀಟ್' ಎಂದರೇನೆಂಬ ಪ್ರಶ್ನೆಗೆ ಅವಳು ಇಂಗ್ಲಿಷಿನಲ್ಲಿ ಒಂದಕ್ಷರವೂ ತಪ್ಪದಂತೆ ಉತ್ತರ ಬರೆದು ಪೂರ್ಣ ಅಂಕಗಳನ್ನು ಪಡೆದಿದ್ದಳು. ಸಂತೋಷಪಟ್ಟು, "ಹಾಗೆಂದರೆ ಏನಮ್ಮ, ಕನ್ನಡದಲ್ಲಿ ಹೇಳು ನೋಡೋಣ" ಎಂದೆವು. ಅವಳು ನಮ್ಮನ್ನು ಕನಿಕರದಿಂದ ನೋಡಿ, "ಮಾವ, ಅದು ಪರೀಕ್ಷೆಗೆ" ಎಂದಳು.

ಇಪ್ಪತ್ತು ವರ್ಷಗಳಿಂದ ಅದೇ ಲೇಟೆಂಟ್ ಹೀಟನ್ನು ಕಾಲೇಜಿನಲ್ಲಿ ಬೋಧಿಸುತ್ತ ಬಂದಿರುವ ನಮಗೆ ಆ ಮಾತು ನಾಟಿತು. ಅವಳು ಸುಳ್ಳು ಹೇಳಿರಲಿಲ್ಲ. ನಮ್ಮ ಬೋಧನೆಯ ಬಹುಭಾಗ ಪರೀಕ್ಷೆಗೇ ಹೊರತು ಪ್ರಪಂಚಕ್ಕಲ್ಲವೆಂಬುದನ್ನು ಆ ಮಗು ಮೂರು ಮಾತುಗಳಲ್ಲಿ ತಿಳಿಸಿತ್ತು. ಮುಂದಿನ ಭಾನುವಾರ ಮನೆಯಲ್ಲಿಯೇ ಐಸ್ ಕ್ರೀಂ ಮಾಡೋಣವೆಂದು ನಾವು ಮಾತು ಕೊಟ್ಟುದು ಹೀಗೆ. ಸುದ್ದಿ ಬೀದಿಗೆ ಹರಡಿ, ಭಾನುವಾರ ಹಿತ್ತಲಿನಲ್ಲಿ ಎಂಟರಿಂದ ಹದಿಮೂರು ವಯಸ್ಸಿನ ಏಳು ಮಕ್ಕಳು ಸೇರಿದ್ದರು.

ಮಾರುಕಟ್ಟೆಯಿಂದ ತಂದಿದ್ದ ಐಸಿನ ಗಡ್ಡೆ ಗೋಣಿಚೀಲದಲ್ಲಿತ್ತು. ಮೊದಲು ಅದರಿಂದ ಒಂದೇ ಗಾತ್ರದ ಎರಡು ತುಂಡುಗಳನ್ನು ಒಡೆದು ತೆಗೆದೆವು. ಭಾವನವರ ತಂದೆ ಗಿರಣಿಯಲ್ಲಿ ಕೆಲಸ ಮಾಡಿದವರು. ಅವರ ಕಾಲದ ಒಂದು ಉಣ್ಣೆಯ ಕಂಬಳಿ ಆ ಮನೆಯಲ್ಲಿ ಇನ್ನೂ ಇದೆ. ಒಂದು ತುಂಡನ್ನು ಆ ಕಂಬಳಿಯಲ್ಲಿ ಸುತ್ತಿಡುವುದು, ಇನ್ನೊಂದನ್ನು ತಟ್ಟೆಯಲ್ಲಿ ಹಾಗೆಯೇ ಬಿಡುವುದು. ಯಾವುದು ಮೊದಲು ಕರಗುತ್ತದೆ? ಇದು ನಮ್ಮ ಪ್ರಶ್ನೆ. ಏಳು ಮಕ್ಕಳೂ ಒಕ್ಕೊರಲಿನಿಂದ ಕಂಬಳಿಯೊಳಗಿನದೆಂದರು. ಕಂಬಳಿ ಹೊದೆದರೆ ಬೆಚ್ಚಗಾಗುವುದಿಲ್ಲವೆ? ಬೆಚ್ಚಗಾದರೆ ಕರಗುವುದಿಲ್ಲವೆ? ತರ್ಕದಲ್ಲಿ ಲೋಪವೇನೂ ಇರಲಿಲ್ಲ. ಜಗುಲಿಯ ಮೇಲಿದ್ದ ಅಜ್ಜಿಗೆ ಮಾತ್ರ ಎರಡು ಚಿಂತೆಗಳು. ಕಂಬಳಿ ನೆನೆಯುತ್ತದೆಂಬುದು ಮೊದಲನೆಯದು. ಎರಡನೆಯದು, "ಮುಂಚೆ ಐಸಿನ ಗಾಡಿಯವರು ಹೊಟ್ಟಿನಲ್ಲಿ ಮುಚ್ಚಿ, ಗೋಣಿ ಸುತ್ತಿ ತರುತ್ತಿದ್ದರಲ್ಲ, ಕರಗಲಿ ಅಂತ ಸುತ್ತುತ್ತಿದ್ದರೇನು?"

ಅಜ್ಜಿ ಗೆದ್ದರು. ಒಂದು ಗಂಟೆಯ ಮೇಲೆ ತಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಉಳಿದಿತ್ತು. ಕಂಬಳಿಯನ್ನು ಬಿಚ್ಚಿದಾಗ ಒಳಗಿನ ತುಂಡು ಅಂಚು ಮಾತ್ರ ನಯವಾಗಿ ಕುಳಿತಿತ್ತು. ಮಕ್ಕಳಲ್ಲಿ ಕೆಲವರಿಗೆ ಆಶ್ಚರ್ಯ, ಕೆಲವರಿಗೆ ಕೋಪ. ಕಂಬಳಿ ಶಾಖವನ್ನು ಹುಟ್ಟಿಸುವ ವಸ್ತುವಲ್ಲ, ಶಾಖ ಹಾಯುವುದನ್ನು ತಡೆಯುವ ವಸ್ತು. ನಮ್ಮ ಮೈಶಾಖವನ್ನು ಹೊರಗೆ ಬಿಡದ ಉಣ್ಣೆಯೇ ಹೊರಗಿನ ಶಾಖವನ್ನು ಐಸಿನ ಬಳಿಗೆ ಬಿಡುವುದಿಲ್ಲ. ಇದನ್ನು ನಾವು ಹೇಳಬೇಕಾಗಲಿಲ್ಲ. ಎಂಟು ವರ್ಷದ ಹುಡುಗನೊಬ್ಬನೇ, "ಕಂಬಳಿಗೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗಲ್ಲ" ಎಂದು ತೀರ್ಪು ಕೊಟ್ಟ. ಇದಕ್ಕಿಂತ ಒಳ್ಳೆಯ ನಿರೂಪಣೆಯನ್ನು ಯಾವ ಪಠ್ಯಪುಸ್ತಕದಲ್ಲಿಯೂ ನಾವು ಕಂಡಿಲ್ಲ.

ಈ ತಡೆಯುವ ಗುಣವನ್ನು ನಂಬಿಯೇ 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ಅಮೆರಿಕದ ವ್ಯಾಪಾರಿ ಬೋಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆಯನ್ನು ಕಳುಹಿಸಿದ. ಸುಮಾರು 180 ಟನ್ನು ಹೊರಟು, ನಾಲ್ಕು ತಿಂಗಳ ಪ್ರಯಾಣದ ಮೇಲೆ, ಎರಡು ಸಲ ಭೂಮಧ್ಯರೇಖೆಯನ್ನು ದಾಟಿ, ಸುಮಾರು 100 ಟನ್ನು ಉಳಿದು ಬಂದಿತು. ಹಾಗೆ ಬಂದ ಗಡ್ಡೆಗಳನ್ನು ಕೂಡಿಡುವುದಕ್ಕಾಗಿ ಮದರಾಸಿನ ಕಡಲತೀರದಲ್ಲಿ 1842ರಲ್ಲಿ ಕಟ್ಟಿದ ಐಸ್ ಹೌಸೇ ಮುಂದೆ, 1897ರಲ್ಲಿ, ಸ್ವಾಮಿ ವಿವೇಕಾನಂದರು ತಂಗಿದ್ದ ಮನೆಯಾಯಿತು. ಮಕ್ಕಳಿಗೆ ಈ ಕಥೆಯನ್ನು ಹೇಳಿದಾಗ, ದಾರಿಯಲ್ಲಿ ಕರಗಿಹೋದ 80 ಟನ್ನಿನ ದುಡ್ಡನ್ನು ಯಾರು ಕೊಟ್ಟರೆಂಬುದೇ ಅವರ ಮುಖ್ಯ ಪ್ರಶ್ನೆಯಾಗಿತ್ತು.

ಇನ್ನು ಐಸ್ ಕ್ರೀಮಿನ ಮಾತು. ನಮ್ಮ ಮೊದಲನೆಯ ಪ್ರಯತ್ನ ಸಂಪೂರ್ಣವಾಗಿ ಕೆಟ್ಟಿತೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಅರ್ಧ ಲೀಟರು ಹಾಲನ್ನು ಸಕ್ಕರೆ ಏಲಕ್ಕಿಗಳೊಡನೆ ಕಾಯಿಸಿ, ಆರಿಸಿ, ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಬಕೆಟ್ಟಿನಲ್ಲಿ ಐಸಿನ ನಡುವೆ ಇಟ್ಟೆವು. ಐಸನ್ನು ದೊಡ್ಡ ದೊಡ್ಡ ತುಂಡುಗಳಾಗಿಯೇ ಬಿಟ್ಟಿದ್ದೆವು. ಪುಡಿ ಉಪ್ಪನ್ನು ಮೇಲಿನಿಂದ ಒಮ್ಮೆಗೇ ಸುರಿದೆವು. ಡಬ್ಬಿಯ ಮುಚ್ಚಳ ಬಿಗಿಯಾಗಿರಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ತೆರೆದು ನೋಡಿದರೆ, ಸಿಕ್ಕಿದುದು ಒಂದು ಬಗೆಯ ಉಪ್ಪಿನ ಪಾಯಸ. ಮಕ್ಕಳು ಸೌಜನ್ಯದಿಂದ ಒಂದೊಂದು ಚಮಚ ರುಚಿ ನೋಡಿ ಸುಮ್ಮನಾದರು. ಭೌತವಿಜ್ಞಾನದ ಅಧ್ಯಾಪಕರ ಮುಖವನ್ನು ಯಾರೂ ನೇರವಾಗಿ ನೋಡಲಿಲ್ಲ.

ಎರಡನೆಯ ಸಲ ಅಕ್ಕನವರೇ ಮುಂದಾದರು. ಗೋಣಿಚೀಲದಲ್ಲಿದ್ದ ಐಸನ್ನು ಒನಕೆಯಿಂದ ಕುಟ್ಟಿ ಅಡಿಕೆಯ ಗಾತ್ರಕ್ಕೆ ತಂದರು. ಪುಡಿ ಉಪ್ಪು ಬೇಡವೆಂದು ಕಲ್ಲುಪ್ಪನ್ನು ತರಿಸಿದರು. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪಿನಂತೆ, ಒಂದು ಪದರ ಐಸು, ಅದರ ಮೇಲೆ ಉಪ್ಪು, ಮತ್ತೆ ಐಸು ಎಂದು ತುಂಬುತ್ತ ಬಂದರು. ಎರಡು ಕಿಲೋ ಐಸೂ ಮುಕ್ಕಾಲು ಕಿಲೋಗೆ ಸ್ವಲ್ಪ ಕಡಮೆ ಉಪ್ಪೂ ಹಿಡಿಯಿತು. ಡಬ್ಬಿಯ ಬಾಯಿ ಉಪ್ಪುನೀರಿಗಿಂತ ಎರಡು ಬೆರಳು ಮೇಲಿರುವಂತೆ ನೋಡಿಕೊಂಡು, ಬಕೆಟ್ಟಿಗೆ ಹೊರಗಿನಿಂದ ಗೋಣಿತಾಟನ್ನು ಸುತ್ತಿ, ಡಬ್ಬಿಯನ್ನು ಮೊಸರು ಕಡೆಯುವಂತೆ ಅತ್ತ ಇತ್ತ ತಿರುಗಿಸುವ ಕೆಲಸವನ್ನು ಮಕ್ಕಳಿಗೆ ಸರದಿಯ ಮೇಲೆ ಕೊಟ್ಟರು.

ನಾವು ಪ್ರಯೋಗಶಾಲೆಯಿಂದ ಒಂದು ಉಷ್ಣಮಾಪಕವನ್ನು ತಂದಿದ್ದೆವು. ಬರಿಯ ಐಸಿನಲ್ಲಿ ಅದು ಸೊನ್ನೆಯನ್ನು ತೋರಿಸಿತ್ತು. ಉಪ್ಪು ಬೆರೆತ ಕೆಲವು ನಿಮಿಷಗಳಲ್ಲಿ ಅದರ ಕೆಂಪು ಎಳೆ ಸೊನ್ನೆಯಿಂದ ಕೆಳಕ್ಕೆ ಇಳಿಯತೊಡಗಿತು. ಐದು, ಎಂಟು, ಹತ್ತು. ನಮ್ಮ ಉಷ್ಣಮಾಪಕದ ಗೆರೆಗಳು ಸೊನ್ನೆಯ ಕೆಳಗೆ ಹತ್ತಕ್ಕೇ ಮುಗಿಯುತ್ತವೆ. ಎಳೆ ಆ ಕೊನೆಯ ಗೆರೆಯನ್ನೂ ಬಿಟ್ಟು ಬುರುಡೆಯ ಕಡೆಗೆ ಇಳಿದಾಗ ಮಕ್ಕಳು ಕುಣಿದಾಡಿದರು. ಬಕೆಟ್ಟಿನ ಹೊರಮೈಯಲ್ಲಿ ಗೋಣಿ ಸರಿದ ಕಡೆ ಬಿಳಿಯ ಇಬ್ಬನಿ ಗಟ್ಟಿಯಾಗಿ ಕಟ್ಟಿತ್ತು. ಬೆಂಗಳೂರಿನ ಬೇಸಗೆಯ ಮಧ್ಯಾಹ್ನದಲ್ಲಿ ಅದನ್ನು ಉಗುರಿನಿಂದ ಕೆರೆದು ನೋಡುವ ಸಂಭ್ರಮವೇ ಬೇರೆ.

ಆಗ ಅಕ್ಕನ ಮಗಳು ತಿರುಗಿಸುವುದನ್ನು ನಿಲ್ಲಿಸಿ ಕೇಳಿದಳು: "ಮಾವ, ಉಪ್ಪು ಹಾಕಿದರೆ ಐಸು ಬೇಗ ಕರಗುತ್ತೆ. ನೋಡಿ, ನೀರಾಗ್ತಾ ಇದೆ. ಕರಗಬೇಕಾದರೆ ಬಿಸಿ ಆಗಬೇಕಲ್ಲ? ಇದು ಕರಗ್ತಾ ಕರಗ್ತಾ ಇನ್ನೂ ತಣ್ಣಗೆ ಆಗ್ತಾ ಇದೆಯಲ್ಲ, ಹೇಗೆ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಕೇಳಲಾರರು. ನಾವೋ, ಅಭ್ಯಾಸಬಲದಿಂದ, ದ್ರಾವಣದ ಘನೀಭವನಬಿಂದುವು ಶುದ್ಧ ದ್ರವದ ಘನೀಭವನಬಿಂದುವಿಗಿಂತ ಕೆಳಗಿರುತ್ತದೆಂದು ಉತ್ತರ ಕೊಟ್ಟೆವು. ಅವಳು, "ಹೂಂ" ಎಂದಳು. ಆ ಹೂಂಕಾರವನ್ನು ನಾವು ಬಲ್ಲೆವು. ತರಗತಿಗಳಲ್ಲಿ ದಿನವೂ ಕೇಳುತ್ತೇವೆ. ಅರ್ಥವಾಯಿತೆಂದು ಅದರ ಅರ್ಥವಲ್ಲ, ಇನ್ನು ಕೇಳುವುದಿಲ್ಲವೆಂದು ಅರ್ಥ.

ಆಗ ನಮ್ಮ ಸಹಾಯಕ್ಕೆ ಬಂದುದು ಮುಚ್ಚಿಹೋದ ಗಿರಣಿ. ಪಾಳಿ ಬದಲಾಗುವ ಹೊತ್ತಿನಲ್ಲಿ ಗಿರಣಿಯ ಬಾಗಿಲು ಹೇಗಿರುತ್ತಿತ್ತೆಂಬುದನ್ನು ಅಜ್ಜಿಯಿಂದಲೇ ಮಕ್ಕಳಿಗೆ ಹೇಳಿಸಿದೆವು: ಒಂದು ಗುಂಪು ಒಳಗೆ ಹೋಗುತ್ತಿದೆ, ಒಂದು ಗುಂಪು ಹೊರಗೆ ಬರುತ್ತಿದೆ. ಮಂಜುಗಡ್ಡೆಯ ಮೈಯೂ ಅಂಥದೊಂದು ಬಾಗಿಲು. ಗಡ್ಡೆಯಲ್ಲಿ ಸಾಲುಗಟ್ಟಿ ನಿಂತ ನೀರಿನ ಕಣಗಳಲ್ಲಿ ಕೆಲವು ಸದಾ ಬಿಡಿಸಿಕೊಂಡು ಹೊರಗಿನ ನೀರಿಗೆ ಬರುತ್ತಿರುತ್ತವೆ. ಹೊರಗಿನ ಕಣಗಳಲ್ಲಿ ಕೆಲವು ಸದಾ ಒಳಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿರುತ್ತವೆ. ಸೊನ್ನೆ ಡಿಗ್ರಿಯಲ್ಲಿ ಈ ಹೋಗುವವರೂ ಬರುವವರೂ ಸಮಸಮ. ಈಗ ಹೊರಗಿನ ನೀರಿಗೆ ಉಪ್ಪನ್ನು ಬೆರೆಸಿದರೆ, ಬಾಗಿಲ ಮುಂದೆ ಕೆಲಸವಿಲ್ಲದವರು ಗುಂಪು ನಿಂತಂತಾಯಿತು. ಒಳಗೆ ಹೋಗತಕ್ಕವರಿಗೆ ಅಡ್ಡಿ. ಒಳಗಿನಿಂದ ಬರತಕ್ಕವರಿಗೆ ಅಡ್ಡಿಯಿಲ್ಲ. ಆದುದರಿಂದ ಗಡ್ಡೆ ಬರಿದಾಗುತ್ತ, ಎಂದರೆ ಕರಗುತ್ತ ಹೋಗುತ್ತದೆ.

ಆದರೆ ಈ ಬಾಗಿಲಿನಲ್ಲಿ ಒಂದು ಸುಂಕವುಂಟು. ಸಾಲಿನಿಂದ ಬಿಡಿಸಿಕೊಂಡು ಹೊರಗೆ ಬರುವ ಪ್ರತಿಯೊಂದು ಕಣವೂ ಶಾಖದ ರೂಪದಲ್ಲಿ ಇಷ್ಟೆಂದು ತೆರಬೇಕು. ಒಂದು ಗ್ರಾಂ ಐಸು ನೀರಾಗಬೇಕಾದರೆ ಸುಮಾರು 80 ಕ್ಯಾಲೊರಿ ಶಾಖ ಬೇಕು. ಒಲೆಯ ಮೇಲೆ ಇಟ್ಟಿದ್ದರೆ ಒಲೆ ಅದನ್ನು ಕೊಡುತ್ತಿತ್ತು. ಇಲ್ಲಿ ಒಲೆಯಿಲ್ಲ, ಗೋಣಿ ಸುತ್ತಿರುವುದರಿಂದ ಹೊರಗಿನಿಂದಲೂ ಹೆಚ್ಚಿಗೆ ಬರುವಂತಿಲ್ಲ. ಆದುದರಿಂದ ಆ ಶಾಖ ಪಕ್ಕದ ಐಸಿನಿಂದ, ಉಪ್ಪುನೀರಿನಿಂದ, ಡಬ್ಬಿಯೊಳಗಿನ ಹಾಲಿನಿಂದಲೇ ಬರಬೇಕು. ಅವೆಲ್ಲ ತಣ್ಣಗಾಗುತ್ತವೆ. ತಣ್ಣಗಾದಷ್ಟೂ ಸುಂಕ ತೆತ್ತು ಹೊರಬರಬಲ್ಲ ಕಣಗಳು ವಿರಳವಾಗುತ್ತವೆ. ಕೊನೆಗೆ ಹೋಗುವವರೂ ಬರುವವರೂ ಪುನಃ ಸಮವಾಗುತ್ತಾರೆ, ಆದರೆ ಸೊನ್ನೆಗಿಂತ ಬಹಳ ಕೆಳಗೆ. ಅಡಿಗೆಯ ಉಪ್ಪಿನಿಂದ ಮುಟ್ಟಬಹುದಾದ ಕೊನೆಯ ಮಜಲು ಸೊನ್ನೆಗಿಂತ 21 ಡಿಗ್ರಿ ಕೆಳಗೆ. ಮನೆಯ ಬಕೆಟ್ಟಿನಲ್ಲಿ ಅಷ್ಟು ದೂರ ಹೋಗುವುದು ಕಷ್ಟ. ಹೋಗಬೇಕಾದ ಅಗತ್ಯವೂ ಇಲ್ಲ.

"ಹಾಗಾದರೆ ಉಪ್ಪು ತಣ್ಣಗಿರಲ್ಲ. ಉಪ್ಪು ಐಸನ್ನು ಕರಗಿಸುತ್ತೆ, ಕರಗೋದಕ್ಕೆ ಐಸು ಹಾಲಿನ ಬಿಸಿಯನ್ನು ಕದಿಯುತ್ತೆ" ಎಂದು ಅಕ್ಕನ ಮಗಳು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೇಟೆಂಟ್ ಹೀಟ್ ಅಂದರೆ ಇದೇನಾ?" ಎಂದಳು.

ಇದೇ. 1761ರ ಸುಮಾರಿಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಬ್ಲ್ಯಾಕ್ ಎಂಬ ಅಧ್ಯಾಪಕರು ಕಂಡುಕೊಂಡುದೂ ಇದನ್ನೇ: ಕರಗುವ ಐಸು ಶಾಖವನ್ನು ನುಂಗುತ್ತದೆ, ಆದರೆ ಉಷ್ಣಮಾಪಕಕ್ಕೆ ಅದು ಕಾಣುವುದಿಲ್ಲ. ಕಾಣದೆ ಅಡಗಿದುದರಿಂದ ಗುಪ್ತೋಷ್ಣ. ಎಷ್ಟು ನುಂಗುತ್ತದೆಂಬುದನ್ನು ಮಕ್ಕಳು ಅಂದಾಜು ಮಾಡಲಾರರು, ನಾವೂ ಮಾಡಲಾರೆವು. ಒಂದು ಕಿಲೋ ಐಸನ್ನು ಸುಮ್ಮನೆ ನೀರಾಗಿಸಲು ಬೇಕಾದ ಶಾಖದಿಂದ ಒಂದು ಕಿಲೋ ತಣ್ಣೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಬಹುದು. ನಮ್ಮ ಅರ್ಧ ಲೀಟರು ಹಾಲಿನ ಲೆಕ್ಕವನ್ನು ಮಕ್ಕಳು ಗೋಡೆಯ ಮೇಲೆ ಇದ್ದಲಿನಿಂದ ಬರೆದರು: 25 ಡಿಗ್ರಿಯಿಂದ ಸೊನ್ನೆಗೆ ಇಳಿಸಲು ಸ್ಥೂಲವಾಗಿ 12,500 ಕ್ಯಾಲೊರಿ; ಅದರ ನೀರಿನಲ್ಲಿ ಅರ್ಧದಷ್ಟು ಹೆಪ್ಪುಗಟ್ಟಲು ಇನ್ನೊಂದು 17,000; ಒಟ್ಟಿನಲ್ಲಿ 30,000ಕ್ಕೆ ತುಸು ಕಡಮೆ. ಇದನ್ನು ಹೊರುವುದಕ್ಕೆ 400 ಗ್ರಾಂ ಐಸು ಕರಗಿದರೆ ಸಾಕು. ಉಳಿದ ಐಸು ಎಲ್ಲಿ ಹೋಯಿತು? ತನ್ನನ್ನು ತಾನು ತಣ್ಣಗಾಗಿಸಿಕೊಳ್ಳುವುದರಲ್ಲಿ, ಬಕೆಟ್ಟನ್ನು ತಣ್ಣಗಾಗಿಸುವುದರಲ್ಲಿ, ಬಿನ್ನಿಪೇಟೆಯ ಬಿಸಿಲಿನೊಡನೆ ಹೋರಾಡುವುದರಲ್ಲಿ. ಮೊದಲನೆಯ ಸಲ ಗೋಣಿ ಸುತ್ತದಿದ್ದುದು ಏಕೆ ತಪ್ಪಾಯಿತೆಂಬುದೂ ಆ ಗೋಡೆಯ ಲೆಕ್ಕದಲ್ಲಿಯೇ ಸಿಕ್ಕಿತು.

ಲವಣಗಳಿಂದ ತಂಪು ಮಾಡುವ ಉಪಾಯ ಹೊಸದಲ್ಲ. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪು ಬೆರೆಸಿದ ನೀರಿನಲ್ಲಿ ಪಾತ್ರೆಯನ್ನು ತಿರುಗಿಸಿ ಕುಡಿಯುವ ನೀರನ್ನು ತಂಪು ಮಾಡುತ್ತಿದ್ದುದನ್ನು ಅಬುಲ್ ಫಜಲನು ತನ್ನ 'ಆಯಿನ್-ಇ-ಅಕ್ಬರಿ'ಯಲ್ಲಿ ಬರೆದಿಟ್ಟಿದ್ದಾನೆ. ಅಲ್ಲಿ ಐಸಿನ ಅಗತ್ಯವೂ ಇರಲಿಲ್ಲ, ಏಕೆಂದರೆ ಪೆಟ್ಲುಪ್ಪು ನೀರಿನಲ್ಲಿ ಕರಗುವಾಗಲೇ ಶಾಖವನ್ನು ಎಳೆದುಕೊಳ್ಳುತ್ತದೆ. ಫ್ಯಾರನ್‌ಹೀಟನು 1724ರಲ್ಲಿ ತನ್ನ ಉಷ್ಣಮಾಪಕದ ಸೊನ್ನೆಯನ್ನು ಐಸು, ನೀರು, ನವಸಾಗರ ಇವುಗಳ ಮಿಶ್ರಣದಿಂದ ಗೊತ್ತುಮಾಡಿದ. ನವಸಾಗರವೆಂದರೆ ಬೇರೇನೂ ಅಲ್ಲ, ಕಲಾಯಿ ಹಾಕುವವನು ಹಿತ್ತಾಳೆಯ ಪಾತ್ರೆಗೆ ಉಜ್ಜಿದಾಗ ಬಿಳಿಯ ಹೊಗೆ ಏಳುತ್ತಿತ್ತಲ್ಲ, ಅದೇ.

ಇಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಹಾಲು ಹೆಪ್ಪುಗಟ್ಟುತ್ತದೆಂದು ನಾವು ಹೇಳುತ್ತಲೇ ಇದ್ದೆವು. ಎಂಟು ವರ್ಷದ ಆ ಹುಡುಗ, "ಹೆಪ್ಪು ಹಾಕೋದು ಮರೆತಿದ್ದೀರಿ" ಎಂದು ನೆನಪಿಸಿದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಮೊಸರಿಗೆ ಹಾಕುವ ಹೆಪ್ಪು ಬೇರೆ, ಇದು ಬೇರೆ ಎಂದು ಹೇಳಹೊರಟು ಬಾಯಿ ಕಟ್ಟಿದಂತಾಯಿತು. ಹುಡುಗ ಹೇಳಿದುದು ಒಂದು ಅರ್ಥದಲ್ಲಿ ನಿಜವೇ ಆಗಿತ್ತು. ತಿಳಿಯಾದ ನೀರನ್ನು ಅಲುಗಿಸದೆ ತಣ್ಣಗೆ ಮಾಡುತ್ತ ಹೋದರೆ ಅದು ಸೊನ್ನೆಯ ಕೆಳಗೆ ಹಲವು ಡಿಗ್ರಿಗಳವರೆಗೆ ನೀರಾಗಿಯೇ ಉಳಿಯುವುದುಂಟು. ಹರಳು ಕಟ್ಟುವುದಕ್ಕೆ ಮೊದಲ ಒಂದು ಹರಳೋ, ಧೂಳಿನ ಕಣವೋ, ಪಾತ್ರೆಯ ಮೈಯ ಒರಟೋ ಬೇಕು. ಆ ಮೊದಲ ಹರಳು ಹೆಪ್ಪಲ್ಲದೆ ಮತ್ತೇನು? ಡಬ್ಬಿಯ ಒಳಮೈಯಲ್ಲಿ ಮೊದಲು ಕಟ್ಟಿದ ಹರಳುಗಳನ್ನು ಚಮಚದಿಂದ ಕೆರೆದು ನಡುವಿನ ಹಾಲಿಗೆ ಸೇರಿಸಿದಾಗ ನಾವು ಮಾಡುವುದು ಹೆಪ್ಪು ಹಾಕುವ ಕೆಲಸವನ್ನೇ. ಕನ್ನಡದ ಮಾತು ಎರಡು ಕೆಲಸಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿದೆ. ಇಂಗ್ಲಿಷಿನಲ್ಲಿ ಓದಿದ ನಮಗೆ ಆ ಗಂಟು ಕಂಡಿರಲಿಲ್ಲ, ಮಗುವಿಗೆ ಕಂಡಿತು. 1918ರಲ್ಲಿ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. ಎರಡು ವರ್ಷ ನಡೆದು ಅದು ನಿಂತಿತು. ಆ ಹಿರಿಯರು ಏನನ್ನು ಹುಡುಕಿ ಹೊರಟಿದ್ದರೆಂಬುದು ಆ ಹಿತ್ತಲಿನಲ್ಲಿ ನಮಗೆ ಸ್ವಲ್ಪಮಟ್ಟಿಗೆ ತಿಳಿದಂತಾಯಿತು.

ಕೆರೆಯುವುದೂ ತಿರುಗಿಸುವುದೂ ಹರಳು ಸಣ್ಣದಾಗಿರಲೆಂದು. ತಲೆಗೂದಲಿನ ದಪ್ಪಕ್ಕೆ ಬೆಳೆದ ಹರಳು ನಾಲಿಗೆಗೆ ಮರಳಿನಂತೆ ತಗಲುತ್ತದೆ. ಅದಕ್ಕಿಂತ ಸಣ್ಣದಾದರೆ ನುಣುಪು. ತಿರುಗಿಸುವಾಗ ಗಾಳಿಯೂ ಸೇರುತ್ತದೆ. ನಮ್ಮ ದೇಶದ ಕಾನೂನಿನ ಪ್ರಕಾರ ಅಂಗಡಿಯ ಐಸ್ ಕ್ರೀಂ ಲೀಟರಿಗೆ 525 ಗ್ರಾಮಿಗಿಂತ ಕಡಮೆ ತೂಗಬಾರದು. ಲೀಟರು ಹಾಲು ಒಂದು ಕಿಲೋಗಿಂತ ತುಸು ಹೆಚ್ಚು ತೂಗುವುದರಿಂದ, ಕಾನೂನನ್ನು ಮೀರದೆಯೇ ಸುಮಾರು ಅರ್ಧ ಗಾಳಿಯನ್ನು ಮಾರಬಹುದೆಂದಾಯಿತು. ಈ ವಿಷಯವನ್ನು ಹೇಳಿದ ಮೇಲೆ ಮಕ್ಕಳಲ್ಲಿ ಇಬ್ಬರು ಅಂಗಡಿಗೆ ತಕ್ಕಡಿಯನ್ನು ಒಯ್ಯುವ ಆಲೋಚನೆ ಮಾಡಿದರು. ಮಟ್ಕಾ ಕುಲ್ಫಿಯವನು ಈ ಅಪವಾದಕ್ಕೆ ಪಾತ್ರನಲ್ಲ. ಅವನು ಹಾಲನ್ನು ಸುಂಡಿಸಿ, ಕಡೆಯದೆ, ಅದೇ ಉಪ್ಪು ಐಸಿನ ಗಡಿಗೆಯಲ್ಲಿ ಅದ್ದಿಟ್ಟು ಗಟ್ಟಿಮಾಡುತ್ತಾನೆ.

ಅಂದು ನಲವತ್ತು ನಿಮಿಷಗಳಲ್ಲಿ ಡಬ್ಬಿಯ ಹಾಲು ತಿರುಗಿಸಲಾರದಷ್ಟು ಬಿಗಿಯಾಯಿತು. ಏಳು ಮಕ್ಕಳಿಗೂ ಅಜ್ಜಿಗೂ ಸಾಕಾಯಿತು. ಮನೆಯಲ್ಲಿ ಇದನ್ನು ಮಾಡಿ ನೋಡತಕ್ಕವರಿಗೆ ಎರಡು ಎಚ್ಚರಿಕೆಗಳನ್ನು ಹೇಳುವುದು ನಮ್ಮ ಕರ್ತವ್ಯ. ಉಪ್ಪು ಬೆರೆತ ಐಸನ್ನು ಬರಿಗೈಯಲ್ಲಿ ಹಿಡಿದಿರಬಾರದು. ಅದು ಐಸಿಗಿಂತ ಬಹಳ ಶೀತವಾದುದರಿಂದ ಕೆಲವೇ ನಿಮಿಷಗಳಲ್ಲಿ ಚರ್ಮ ಸುಟ್ಟಂತೆ ಗಾಯವಾಗುತ್ತದೆ. ಮಕ್ಕಳು ಪಂತಕ್ಕಾಗಿ ಹಿಡಿಯುವುದುಂಟು. ದಪ್ಪ ಬಟ್ಟೆಯನ್ನು ಕೊಟ್ಟಿರಬೇಕು. ಮತ್ತು ಮಾರುಕಟ್ಟೆಯ ಐಸು ಹೊರಗಿನ ಬಕೆಟ್ಟಿಗೆ ಮಾತ್ರ. ಅದರ ಒಂದು ಚೂರೂ ಬಾಯಿಗೆ ಹೋಗಬಾರದು.

ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಇದೂ ಐಸ್ ಕ್ರೀಮಿನದೇ. 1963ರಲ್ಲಿ ಆಫ್ರಿಕದ ಇಂದಿನ ಟಾಂಜಾನಿಯ ದೇಶದಲ್ಲಿ ಎರಾಸ್ಟೋ ಎಂಪೆಂಬಾ ಎಂಬ ಶಾಲಾಬಾಲಕನು ಸಹಪಾಠಿಗಳೊಡನೆ ಐಸ್ ಕ್ರೀಂ ಮಾಡುತ್ತಿದ್ದ. ಹಾಲನ್ನು ಕಾಯಿಸಿ ಆರಿಸಿ ಶೀತಪೆಟ್ಟಿಗೆಯಲ್ಲಿಡುವುದು ಕ್ರಮ. ಪೆಟ್ಟಿಗೆಯಲ್ಲಿ ಜಾಗ ಮುಗಿದುಹೋದೀತೆಂಬ ಭಯದಿಂದ ಅವನು ಬಿಸಿ ಹಾಲನ್ನೇ ಒಳಗಿಟ್ಟ. ಇನ್ನೊಬ್ಬ ಹುಡುಗ ಕಾಯಿಸದ ಹಾಲನ್ನೇ ಇಟ್ಟಿದ್ದ. ಒಂದೂವರೆ ಗಂಟೆಯ ಮೇಲೆ ನೋಡಿದರೆ ಬಿಸಿಯಾಗಿ ಇಟ್ಟುದು ಗಟ್ಟಿಯಾಗಿತ್ತು, ಇನ್ನೊಂದು ಇನ್ನೂ ಆಗಿರಲಿಲ್ಲ. ಅಧ್ಯಾಪಕರನ್ನು ಕೇಳಿದರೆ, ನಿನಗೆ ಭ್ರಮೆಯಾಗಿರಬೇಕೆಂದರು. ಮೇಲಿನ ಶಾಲೆಗೆ ಹೋದ ಮೇಲೂ ಕೇಳಿದ. ಅಲ್ಲಿಯೂ ಅವನ ಹೆಸರಿಟ್ಟು ಗೇಲಿ ಮಾಡಿದರು. ಕೊನೆಗೆ ವಿಶ್ವವಿದ್ಯಾಲಯದಿಂದ ಭಾಷಣಕ್ಕೆ ಬಂದಿದ್ದ ಡೆನಿಸ್ ಆಸ್ಬೋರ್ನ್ ಎಂಬ ಭೌತವಿಜ್ಞಾನಿಯನ್ನು ಎಲ್ಲರ ಮುಂದೆ ಕೇಳಿದ. ಸಭೆ ನಕ್ಕಿತು. ಆಸ್ಬೋರ್ನ್ ಅವರು ನಗದೆ, ಹಿಂದಿರುಗಿ ಹೋಗಿ ಪ್ರಯೋಗ ಮಾಡಿಸಿದರು. 1969ರಲ್ಲಿ ಇಬ್ಬರೂ ಸೇರಿ ಲೇಖನವನ್ನು ಪ್ರಕಟಿಸಿದರು.

ಬಿಸಿ ನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುವುದುಂಟೆಂಬ ಮಾತನ್ನು ಅರಿಸ್ಟಾಟಲನೂ ಹೇಳಿದ್ದ. ಅದು ನಿಜವೆ ಎಂಬ ವಾದ ಇಂದಿಗೂ ಮುಗಿದಿಲ್ಲ. 2016ರಲ್ಲಿ ಇಬ್ಬರು ವಿಜ್ಞಾನಿಗಳು ಎಚ್ಚರಿಕೆಯಿಂದ ಅಳತೆ ಮಾಡಿ, ಉಷ್ಣಮಾಪಕವನ್ನು ಇಡುವ ಎತ್ತರ ಒಂದಿಷ್ಟು ಬದಲಾದರೂ ಫಲಿತಾಂಶ ತಲೆಕೆಳಗಾಗಬಲ್ಲುದೆಂದೂ ತಮಗೆ ಅಂಥ ಪರಿಣಾಮ ಕಾಣಲಿಲ್ಲವೆಂದೂ ತಿಳಿಸಿದರು. ಇತರರು ಒಪ್ಪಿಲ್ಲ. ಹುಡುಗನು ಕಂಡುದು ಎಲ್ಲ ಕಾಲಕ್ಕೂ ನಿಜವಲ್ಲದಿರಬಹುದು. ಆದರೆ ಅವನಿಗೆ ಭ್ರಮೆಯಾಗಿದೆಯೆಂದ ಅಧ್ಯಾಪಕರು ಡಬ್ಬಿಯನ್ನು ತೆರೆದು ನೋಡಿರಲಿಲ್ಲವೆಂಬುದಂತೂ ನಿಜ.

ಆ ಅಧ್ಯಾಪಕರನ್ನು ದೂರುವ ಅಧಿಕಾರ ನಮಗಿಲ್ಲ. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ವಿದ್ಯಾರ್ಥಿಗಳಿಂದ ನುಸಿಗುಳಿಗೆಯನ್ನು ಕರಗಿಸಿ, ಆರುವಾಗ ನಿಮಿಷ ನಿಮಿಷಕ್ಕೆ ಉಷ್ಣತೆಯನ್ನು ಬರೆಸುವ ಪ್ರಯೋಗವನ್ನು ಮಾಡಿಸುತ್ತಿದ್ದೆವು. ರೇಖೆ ಇಳಿದು ಬಂದು, ಗಟ್ಟಿಯಾಗುವ ಕಡೆ ಸಮತಟ್ಟಾಗಿ ನಿಲ್ಲಬೇಕು, ಪುಸ್ತಕದಲ್ಲಿ ಹಾಗಿದೆ. ಒಬ್ಬ ಹುಡುಗನ ರೇಖೆ ಆ ಮಟ್ಟಕ್ಕಿಂತ ಕೆಳಗೆ ಇಳಿದು, ಥಟ್ಟನೆ ಮೇಲೆ ಹಾರಿ, ಆಮೇಲೆ ಸಮನಾಗಿತ್ತು. "ಸರ್, ಆರ್ತಾ ಇರೋದು ತಾನಾಗಿ ಬಿಸಿ ಆಯ್ತು" ಎಂದ. ಸರಿಯಾಗಿ ಓದಿಲ್ಲ, ತಿದ್ದಿ ಬಾ ಎಂದೆವು. ಅವನು ಒಂದು ಮಾತೂ ಆಡದೆ ರಬ್ಬರು ತೆಗೆದು ಅಳಿಸಿ, ಪುಸ್ತಕದಲ್ಲಿದ್ದ ರೇಖೆಯನ್ನು ಬರೆದು ತಂದ. ನಾವು ಸಹಿ ಹಾಕಿದೆವು. ಅವನು ಕಂಡುದು ನಿಜ. ಹೆಪ್ಪಿಗಾಗಿ ಕಾಯುತ್ತ ದ್ರವ ತನ್ನ ಮಟ್ಟಕ್ಕಿಂತ ಕೆಳಗಿಳಿದು, ಮೊದಲ ಹರಳು ಕಟ್ಟಿದೊಡನೆ ಗುಪ್ತೋಷ್ಣವನ್ನು ಹೊರಗೆಡವಿ ಪುನಃ ಮೇಲೇರುತ್ತದೆ. ಅಂದು ನಲವತ್ತು ಮಂದಿಯಲ್ಲಿ ಅದನ್ನು ಕಂಡವನು ಅವನೊಬ್ಬನೇ. ಅವನ ಹೆಸರು ನಮಗೆ ನೆನಪಿಲ್ಲ; ಅಳಿಸಿದ ಗೆರೆ ಕಾಗದದ ಮೇಲೆ ಮಸುಕಾಗಿ ಉಳಿದಿದ್ದುದು ನೆನಪಿದೆ.

ಎಂಪೆಂಬಾನ ಕಥೆಯನ್ನು ಕೇಳಿದ ಮಕ್ಕಳು ಸುಮ್ಮನಿರುವರೆ? ಆ ವಾರವೇ ಅಕ್ಕನವರ ಫ್ರಿಜ್ಜಿನಲ್ಲಿ ಎರಡು ಡಬ್ಬಿಗಳು ಕುಳಿತವು, ಒಂದರಲ್ಲಿ ಬಿಸಿ ಹಾಲು, ಒಂದರಲ್ಲಿ ತಣ್ಣನೆಯದು. ಮೊದಲನೆಯ ದಿನ ತಣ್ಣನೆಯದು ಗೆದ್ದಿತು. ಎರಡನೆಯ ದಿನ ಯಾರು ಗೆದ್ದರೆಂಬುದರಲ್ಲಿಯೇ ಜಗಳವಾಯಿತು. ಮೂರನೆಯ ದಿನ ಯಾರೋ ನಡುವೆ ಬಾಗಿಲು ತೆರೆದುದರಿಂದ ಲೆಕ್ಕಕ್ಕೆ ಹಿಡಿಯಲಿಲ್ಲ. ಅಕ್ಕನ ಮಗಳು ಇವೆಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿದ್ದಾಳೆ. ಕೊನೆಯ ಪುಟದಲ್ಲಿ, 'ಡಬ್ಬಿಗಳು ಒಂದೇ ತರಹ ಇಲ್ಲ. ಒಂದು ದಪ್ಪ, ಒಂದು ತೆಳು' ಎಂದಿದೆ. ಒಂದೇ ಅಳತೆಯ, ಒಂದೇ ದಪ್ಪದ ಎರಡು ಡಬ್ಬಿಗಳು ಬೇಕೆಂದು ನಮಗೆ ಹೇಳಿಕಳುಹಿಸಿದ್ದಾಳೆ. ನಾಳೆ ಚಿಕ್ಕಪೇಟೆಯ ಪಾತ್ರೆ ಅಂಗಡಿಗೆ ಹೋಗಬೇಕಾಗಿದೆ.